ಧರ್ಮಶಾಸ್ತ್ರವೋ, ನಂಬಿಕೆಯೋ? ಹೊಸ ಒಡಂಬಡಿಕೆ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಪೊಸ್ತಲ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನೂ ಯಾಕೋಬನ ಪತ್ರಿಕೆಯನ್ನೂ ಒಂದೇ ವಾರದಲ್ಲಿ ಓದಿದವರು ಗೊಂದಲಕ್ಕೆ ಬೀಳುವುದು ಸಹಜ. ಧರ್ಮಶಾಸ್ತ್ರದ ಕ್ರಿಯೆಗಳಿಂದ ಯಾರೂ ದೇವರ ಮುಂದೆ ನೀತಿವಂತರೆನಿಸಿಕೊಳ್ಳಲಾರರು, ನಂಬಿಕೆಯಿಂದಲೇ ಅದು ಆಗಬೇಕು ಎನ್ನುತ್ತದೆ ಮೊದಲನೆಯದು. ಬರೀ ನಂಬಿಕೆ ಸಾಲದು, ಕ್ರಿಯೆಗಳಿಂದ ಎನ್ನುತ್ತದೆ ಎರಡನೆಯದು. ನಮ್ಮ ಸತ್ಯವೇದ ಅಧ್ಯಯನ ಕೂಟದಲ್ಲಿ ವರ್ಷ ವರ್ಷವೂ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ವಚನಗಳನ್ನು ನನ್ನ ಮಾತಿನಲ್ಲಿ ಹೇಳಿದ್ದೇನೆ. ಅಧ್ಯಾಯದ ಸಂಖ್ಯೆ ಕೊಟ್ಟ ಕಡೆ ನಿಮ್ಮ ಪುಸ್ತಕವನ್ನು ತೆರೆದು ಪಕ್ಕದಲ್ಲಿ ಇಟ್ಟುಕೊಳ್ಳಿ.

ಇಲ್ಲಿ ‘ಧರ್ಮಶಾಸ್ತ್ರ’ ಎಂದರೆ ಏನು?

ಕನ್ನಡ ಸತ್ಯವೇದದಲ್ಲಿ ಈ ಪದ ಬಂದಾಗ ನಮ್ಮಲ್ಲಿ ಅನೇಕರಿಗೆ ಮನುಸ್ಮೃತಿಯಂಥ ಗ್ರಂಥ ನೆನಪಾಗುತ್ತದೆ. ಅದು ದಾರಿ ತಪ್ಪಿಸುತ್ತದೆ. ಮೂಲದ ಹೀಬ್ರೂ ಪದ ‘ತೋರಾ’. ಅದರ ಅರ್ಥ ಬೋಧನೆ, ತೋರಿಸಿಕೊಟ್ಟ ದಾರಿ. ಆದಿಕಾಂಡದಿಂದ ಧರ್ಮೋಪದೇಶಕಾಂಡದವರೆಗಿನ ಐದು ಪುಸ್ತಕಗಳಿಗೂ ಅದೇ ಹೆಸರು. ಅವುಗಳಲ್ಲಿ ಆಜ್ಞೆಗಳಿರುವಂತೆ ಕಥೆಗಳೂ ಇವೆ, ವಂಶಾವಳಿಗಳೂ ಇವೆ, ಹಾಡುಗಳೂ ಇವೆ. ಯೇಸು ಹುಟ್ಟುವುದಕ್ಕೆ ಮೊದಲೇ ಈ ಪುಸ್ತಕಗಳು ಗ್ರೀಕಿಗೆ ಬಂದಾಗ ‘ತೋರಾ’ ಎಂಬುದು ‘ನೋಮೊಸ್’ ಆಯಿತು, ಅಂದರೆ ಕಟ್ಟಳೆ, ಕಾನೂನು. ಪೌಲನು ಬರೆದದ್ದು ಗ್ರೀಕಿನಲ್ಲಿ. ಹೀಗೆ ಪದ ಒಂದೊಂದು ಭಾಷೆ ದಾಟುವಾಗಲೂ ಸ್ವಲ್ಪ ಗಡುಸಾಗುತ್ತಾ ಬಂದು ನಮ್ಮ ಕೈ ಸೇರಿದೆ.

ಪೌಲನ ಪತ್ರಗಳಲ್ಲಿ ವಾದ ಬಿಸಿಯಾಗುವ ಕಡೆ ಮೂರು ಸಂಗತಿಗಳು ಮುಂದೆ ಬರುತ್ತವೆ: ಸುನ್ನತಿ, ಊಟದ ಕಟ್ಟುಪಾಡು, ಸಬ್ಬತ್ ಎಂಬ ವಾರದ ವಿಶ್ರಾಂತಿದಿನವೇ ಮೊದಲಾದ ದಿನಗಳ ಆಚರಣೆ. ಯೆಹೂದ್ಯರು ಯಾರು, ಉಳಿದವರು ಯಾರು ಎಂದು ಹೊರಗಿನವರಿಗೂ ಕಾಣುತ್ತಿದ್ದ ಗುರುತುಗಳು ಇವೇ.

ಜಗಳ ಎಲ್ಲಿ ಶುರುವಾಯಿತು?

ಊಟದ ಪಂಕ್ತಿಯಲ್ಲಿ. ನನ್ನ ಮಟ್ಟಿಗೆ ಇಡೀ ವಿಷಯದ ಬೀಗದ ಕೈ ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಿರಿಯಾದ ಅಂತಿಯೋಕ್ಯ ರೋಮ್ ಸಾಮ್ರಾಜ್ಯದ ಅತಿ ದೊಡ್ಡ ನಗರಗಳಲ್ಲೊಂದು. ಯೇಸುವನ್ನು ನಂಬಿದ ಯೆಹೂದ್ಯರೂ ಅನ್ಯಜನರೂ (ಯೆಹೂದ್ಯರಲ್ಲದವರೂ) ಅಲ್ಲಿ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಯೇಸುವಿನ ಶಿಷ್ಯ ಪೇತ್ರನೂ ಅವರೊಂದಿಗೆ ಉಂಡ. ಆಮೇಲೆ ಯೆರೂಸಲೇಮಿನಿಂದ, ಅಲ್ಲಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದರು. ಅವರು ಬಂದ ಮೇಲೆ ಪೇತ್ರ ಮೆಲ್ಲಗೆ ಹಿಂದೆ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯ ವಿಶ್ವಾಸಿಗಳೂ ಎದ್ದರು. ಕೊನೆಗೆ ಪೌಲನ ಜೊತೆಗಾರ ಬಾರ್ನಬನೂ ಅವರ ಕಡೆ ಸೇರಿದ. ‘ಬಾರ್ನಬನೂ ಸಹ’ ಎಂದು ಪೌಲನು ಬರೆಯುವಾಗ ಆ ‘ಸಹ’ದಲ್ಲಿ ಎಷ್ಟು ನೋವಿದೆ ಎಂಬುದು ಗಟ್ಟಿಯಾಗಿ ಓದಿದರೆ ತಿಳಿಯುತ್ತದೆ. ಅವನು ಎಲ್ಲರೆದುರಿಗೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ (ಗಲಾತ್ಯ 2:11–14). ‘ನಂಬಿಕೆಯಿಂದ ನೀತಿವಂತರು’ ಎಂಬ ಆ ಪತ್ರಿಕೆಯ ಹೆಸರಾಂತ ವಾಕ್ಯ ಬರುವುದು ಇದಾದ ಎರಡೇ ವಚನಗಳ ಅನಂತರ.

ಇದಕ್ಕೆ ಕನ್ನಡದಲ್ಲಿ ಹೆಸರು ಹುಡುಕಬೇಕಾಗಿಲ್ಲ: ಪಂಕ್ತಿಭೇದ. ಚಿಕ್ಕವನಿದ್ದಾಗ ಒಂದು ಮದುವೆಯ ಊಟದಲ್ಲಿ, ದೇವಾಲಯದ ಅಂಗಳದಲ್ಲೇ, ಒಂದು ಮನೆತನದವರನ್ನು ಕೊನೆಯ ಪಂಕ್ತಿಗೆಂದು ಕಾಯಿಸಿದ್ದನ್ನು ನೋಡಿದ್ದೇನೆ. ಯಾರೂ ಜಾತಿಯ ಹೆಸರೆತ್ತಲಿಲ್ಲ, ಎಲೆ ಹಾಕುವವರು ಆ ಕಡೆ ಬರಲಿಲ್ಲ, ಅಷ್ಟೆ. ಗಲಾತ್ಯದ ಎರಡನೇ ಅಧ್ಯಾಯ ನನಗೆ ಮೊದಲ ಸಲ ಅರ್ಥವಾದದ್ದು ಆ ದಿನವನ್ನು ನೆನೆದಾಗ.

ಆದರೆ ಒಂದು ಎಚ್ಚರಿಕೆ. ಯೆಹೂದ್ಯರ ಊಟದ ನಿಯಮ ಜಾತಿ ಪದ್ಧತಿಯಲ್ಲ. ವಿಗ್ರಹಕ್ಕೆ ಅರ್ಪಿಸಿದ ಮಾಂಸ, ರಕ್ತ ಬಸಿಯದ ಮಾಂಸ, ತಿನ್ನಬಾರದ ಪ್ರಾಣಿಗಳು ಎಂಬ ಆತಂಕ ಅವರದು. ಅದು ದೇವರ ಒಡಂಬಡಿಕೆಗೆ ತೋರುವ ನಿಷ್ಠೆಯಾಗಿತ್ತು. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಅಂತಿಯೋಕಸ್ ಎಂಬ ದೊರೆ ಹಂದಿಮಾಂಸ ತಿನ್ನುವಂತೆ ಬಲಾತ್ಕರಿಸಿದಾಗ ಪ್ರಾಣ ಬಿಟ್ಟವರ ಕಥೆಗಳನ್ನು ಕೇಳಿ ಬೆಳೆದ ಜನ ಅವರು. ಯಾಕೋಬನ ಕಡೆಯಿಂದ ಬಂದವರನ್ನು ಸಣ್ಣ ಮನಸ್ಸಿನವರೆಂದು ತಳ್ಳಿಹಾಕಿದರೆ ಜಗಳದ ಆಳ ನಮಗೆ ಸಿಗುವುದಿಲ್ಲ.

ಯೆರೂಸಲೇಮಿನ ಸಭೆಯಲ್ಲಿ ಎಲ್ಲ ತೀರ್ಮಾನವಾಗಿತ್ತಲ್ಲವೇ?

ಅರ್ಧ ಆಗಿತ್ತು. ಕ್ರಿ.ಶ. 48 ಅಥವಾ 49ರ ಸುಮಾರಿಗೆ ನಡೆದ ಆ ಸಭೆಯ ಎರಡು ವರದಿಗಳು ನಮ್ಮ ಮುಂದಿವೆ. ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯದ ಪ್ರಕಾರ ಅನ್ಯಜನರಿಗೆ ಸುನ್ನತಿ ಬೇಡ, ಆದರೆ ನಾಲ್ಕು ಸಂಗತಿಗಳನ್ನು ಬಿಡಬೇಕು: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ. ಗಲಾತ್ಯ 2ರಲ್ಲಿ ಪೌಲನು ಯೆರೂಸಲೇಮಿನ ಒಂದು ಭೇಟಿಯನ್ನು ವಿವರಿಸುತ್ತಾನೆ. ಬಹುತೇಕ ವಿದ್ವಾಂಸರ ಪ್ರಕಾರ ಅದು ಇದೇ ಸಭೆ. ಅಲ್ಲಿ ಈ ನಾಲ್ಕರ ಸುಳಿವೇ ಇಲ್ಲ. ಬಡವರನ್ನು ನೆನಪಿನಲ್ಲಿಡಿ ಎಂದಷ್ಟೇ ಕೇಳಿದರು ಎನ್ನುತ್ತಾನೆ.

ಸುನ್ನತಿಯ ಪ್ರಶ್ನೆ ಬಗೆಹರಿದರೂ ಊಟದ ಪ್ರಶ್ನೆ ಬಗೆಹರಿದಿರಲಿಲ್ಲ ಎಂದು ನನಗನಿಸುತ್ತದೆ. ಒಬ್ಬನನ್ನು ಸಹೋದರನೆಂದು ಒಪ್ಪುವುದೇ ಬೇರೆ, ಅವನ ಮನೆಯ ಅನ್ನ ಉಣ್ಣುವುದೇ ಬೇರೆ. ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಗಲಾತ್ಯದವರ ಮೇಲೆ ಪೌಲನಿಗೆ ಅಷ್ಟು ಸಿಟ್ಟೇಕೆ?

ಪೌಲನ ಪತ್ರಗಳು ವಂದನೆಯಾದ ಕೂಡಲೇ ಸಾಮಾನ್ಯವಾಗಿ ಕೃತಜ್ಞತೆಗೆ ಹೊರಳುತ್ತವೆ. ಜಗಳಗಂಟ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲೂ ಅದಿದೆ. ಗಲಾತ್ಯದವರಿಗೆ ಮಾತ್ರ ಕೃತಜ್ಞತೆಯಿಲ್ಲ, ನೇರವಾಗಿ ‘ನನಗೆ ಆಶ್ಚರ್ಯವಾಗುತ್ತಿದೆ’ ಎಂದು ಶುರು ಮಾಡುತ್ತಾನೆ. ಮೂರನೇ ಅಧ್ಯಾಯದ ಮೊದಲಲ್ಲೇ ಬುದ್ಧಿಯಿಲ್ಲದವರೇ ಎಂದು ಗದರುತ್ತಾನೆ. ಕೊನೆಗೆ ಬರಹಗಾರನ ಕೈಯಿಂದ ಲೇಖನಿಯನ್ನು ತಾನೇ ತೆಗೆದುಕೊಂಡು, ನೋಡಿ, ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ ಎನ್ನುತ್ತಾನೆ (6:11). ಆ ದಪ್ಪ ಅಕ್ಷರಗಳನ್ನು ಕಣ್ಣ ಮುಂದೆ ತಂದುಕೊಂಡಾಗಲೆಲ್ಲ ಆ ಮನುಷ್ಯ ನನಗೆ ಹತ್ತಿರವಾಗುತ್ತಾನೆ.

ಕಾರಣ ಇಷ್ಟು. ಅವನು ಹೋದ ಮೇಲೆ ಬೇರೆ ಬೋಧಕರು ಬಂದು, ನಿಮ್ಮ ನಂಬಿಕೆ ಒಳ್ಳೆಯದೇ, ಆದರೆ ಯೆಹೂದ್ಯರ ಮೂಲಪುರುಷ ಅಬ್ರಹಾಮನ ಮನೆತನಕ್ಕೆ ಪೂರ್ತಿ ಸೇರಬೇಕಾದರೆ ಸುನ್ನತಿ ಆಗಬೇಕು ಎಂದಿದ್ದರು. ಪೌಲನಿಗೆ ಅದು ಅನ್ಯಜನರನ್ನು ಎರಡನೇ ದರ್ಜೆಗೆ ಇಳಿಸಿದಂತೆ. ಕ್ರಿಸ್ತನು ತೆರೆದ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿದಂತೆ.

ಇದೇ ಪತ್ರದಲ್ಲಿ ಧರ್ಮಶಾಸ್ತ್ರವನ್ನು ಅವನು ‘ಪೈದಗೋಗೊಸ್’ಗೆ ಹೋಲಿಸುತ್ತಾನೆ (3:24). ಕೆಲವರು ಇದನ್ನು ಉಪಾಧ್ಯಾಯ ಎಂದುಕೊಳ್ಳುತ್ತಾರೆ. ಗ್ರೀಕ್ ಮನೆಗಳಲ್ಲಿ ಆ ಹೆಸರಿದ್ದದ್ದು ಹುಡುಗನ ಬೆನ್ನಿಗಿದ್ದ ಒಬ್ಬ ದಾಸನಿಗೆ. ಶಾಲೆಗೆ ಕರೆದೊಯ್ಯುವುದು, ಚೀಲ ಹೊರುವುದು, ದಾರಿಯಲ್ಲಿ ಕೆಟ್ಟವರ ಸಹವಾಸಕ್ಕೆ ಬೀಳದಂತೆ ಕಾಯುವುದು, ಬೇಕಾದರೆ ಎರಡು ಏಟು ಕೊಡುವುದು ಅವನ ಕೆಲಸ. ಹುಡುಗ ದೊಡ್ಡವನಾದ ಮೇಲೆ ಅವನ ಕಾವಲು ಮುಗಿಯಿತು. ಕಾವಲುಗಾರ ಕೆಟ್ಟವನು ಎಂದು ಪೌಲ ಹೇಳಲಿಲ್ಲ, ಅವನ ಅವಧಿ ತೀರಿತು ಎಂದ.

ಪೌಲ, ಯಾಕೋಬ ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರಲ್ಲ, ಹೇಗೆ?

ಇಬ್ಬರೂ ಹಿಡಿಯುವುದು ಒಂದೇ ವಚನ, ಆದಿಕಾಂಡ 15:6. ಅಬ್ರಹಾಮನು ದೇವರನ್ನು ನಂಬಿದನು, ದೇವರು ಅದನ್ನು ನೀತಿಯೆಂದು ಎಣಿಸಿದನು. ಅಲ್ಲಿಂದ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೊರಡುತ್ತಾರೆ.

ಪೌಲನದು ಲೆಕ್ಕದ ವಾದ. ಮಗ ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ. ಸುನ್ನತಿಯಾದಾಗ 99, ಇಷ್ಮಾಯೇಲನಿಗೆ 13. ನಂಬಿದ್ದು ಇಷ್ಮಾಯೇಲ ಹುಟ್ಟುವುದಕ್ಕೂ ಮೊದಲು. ಅಂದರೆ ಕಡಿಮೆಯೆಂದರೂ ಹದಿಮೂರು ವರ್ಷ ಅಬ್ರಹಾಮನು ಸುನ್ನತಿಯಿಲ್ಲದೆಯೇ ನೀತಿವಂತನಾಗಿದ್ದನು! ಮೋಶೆಯ ಧರ್ಮಶಾಸ್ತ್ರ ಬಂದದ್ದಂತೂ ದೇವರು ಅಬ್ರಹಾಮನಿಗೆ ವಾಗ್ದಾನ ಮಾಡಿ 430 ವರ್ಷಗಳ ಮೇಲೆ (ಗಲಾತ್ಯ 3:17). ಹಾಗಿರುವಾಗ ಸುನ್ನತಿಯಾಗದ ನಂಬಿಗಸ್ತರಿಗೂ ಅವನು ತಂದೆಯೇ (ರೋಮಾಪುರ 4).

ಯಾಕೋಬನು ಮುಂದಕ್ಕೆ, ಆದಿಕಾಂಡ 22ಕ್ಕೆ, ಹೋಗುತ್ತಾನೆ. ಅಬ್ರಹಾಮನು ಮಗ ಇಸಾಕನನ್ನು ಯಜ್ಞವೇದಿಯ ಮೇಲೆ ಮಲಗಿಸಿದ ಆ ದಿನ 15ನೇ ಅಧ್ಯಾಯದ ಮಾತು ಪೂರ್ಣವಾಯಿತು ಎನ್ನುತ್ತಾನೆ. ಒಬ್ಬ ಬೀಜ ಬಿದ್ದ ದಿನವನ್ನು ನೋಡುತ್ತಾನೆ, ಇನ್ನೊಬ್ಬ ತೆನೆ ಬಂದ ದಿನವನ್ನು.

ಹಾಗಾದರೆ ಇಬ್ಬರ ನಡುವೆ ವಿರೋಧವೇ ಇಲ್ಲ ಅನ್ನಬಹುದೇ?

ಅಷ್ಟು ಬೇಗ ಬೇಡ. ಸಮಾಧಾನದ ಉತ್ತರ ಹೀಗಿದೆ: ಪೌಲನಿಗೆ ನಂಬಿಕೆ ಎಂದರೆ ದೇವರ ಮೇಲೆ ಪೂರ್ತಿ ಭಾರ ಹಾಕುವುದು. ಯಾಕೋಬನು ಎರಡನೇ ಅಧ್ಯಾಯದಲ್ಲಿ ಟೀಕಿಸುವ ನಂಬಿಕೆ ಬಾಯಿಮಾತಿನದು. ದೇವರು ಒಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವೆ ಎನ್ನುತ್ತಾನೆ. ಪೌಲನು ತಳ್ಳುವುದು ‘ಧರ್ಮಶಾಸ್ತ್ರದ ಕ್ರಿಯೆ’ಗಳನ್ನು. ಯಾಕೋಬನು ಆ ಜೋಡಿಪದವನ್ನು ಬಳಸುವುದೇ ಇಲ್ಲ. ಅವನ ಉದಾಹರಣೆ ಬಟ್ಟೆಯಿಲ್ಲದ, ಆ ಹೊತ್ತಿನ ಊಟಕ್ಕೂ ಗತಿಯಿಲ್ಲದ ಸಹೋದರ, ಸಹೋದರಿಯದು. ಸಮಾಧಾನದಿಂದ ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬಾ ಉಣ್ಣಿ ಎಂದು ಹರಸಿ ಕಳುಹಿಸಿದರೆ ಏನು ಬಂತು?

ಇದೆಲ್ಲ ಸರಿಯೇ. ಆದರೂ ‘ನಂಬಿಕೆಯಿಂದ ಮಾತ್ರವಲ್ಲ’ ಎಂಬ 2:24ರ ಮಾತನ್ನು ನೋಡಿ. ನಂಬಿಕೆ, ಮಾತ್ರ ಎಂಬ ಎರಡು ಪದಗಳು ಹೊಸ ಒಡಂಬಡಿಕೆಯಲ್ಲಿ ಹೀಗೆ ಜೊತೆಯಾಗಿ ಬರುವುದು ಇದೊಂದೇ ಕಡೆ, ಅದೂ ಅಲ್ಲಗಳೆಯುವುದಕ್ಕಾಗಿ. ಪೌಲನ ಮಾತು, ಅಥವಾ ಅವನ ಹೆಸರಿನಲ್ಲಿ ಹರಿದಾಡುತ್ತಿದ್ದ ಮಾತು, ಈ ಲೇಖಕನ ಕಿವಿಗೆ ಬಿದ್ದಿರಬೇಕು. ಇಬ್ಬರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಲು ನನಗೆ ಮನಸ್ಸಿಲ್ಲ. ಇಬ್ಬರ ದನಿಯೂ ಕೇಳಬೇಕು.

ಒಂದು ಸಂಗತಿಯನ್ನು ಮಾತ್ರ ತೋರಿಸಬಯಸುತ್ತೇನೆ. ಯಾಕೋಬನ ಈ ಎರಡನೇ ಅಧ್ಯಾಯ ಶುರುವಾಗುವುದು ಎಲ್ಲಿಂದ? ಚಿನ್ನದ ಉಂಗುರ ತೊಟ್ಟವನು ಸಭೆಗೆ ಬಂದಾಗ ಒಳ್ಳೆಯ ಆಸನ ಕೊಟ್ಟು, ಕೊಳಕು ಬಟ್ಟೆಯ ಬಡವನನ್ನು ಅಲ್ಲಿ ನಿಲ್ಲು, ಇಲ್ಲವೇ ನನ್ನ ಕಾಲ ಬಳಿ ಕೂರು ಎನ್ನುವಲ್ಲಿಂದ. ಪೌಲನ ವಾದ ಊಟದ ಪಂಕ್ತಿಯಿಂದ ಹುಟ್ಟಿತು, ಯಾಕೋಬನದು ಸಭೆಯ ಆಸನದಿಂದ. ಯಾರನ್ನು ಎಲ್ಲಿ ಕೂರಿಸುತ್ತೀರಿ ಎಂದೇ ಇಬ್ಬರೂ ಕೇಳಿದ್ದು.

ಯೇಸು ಧರ್ಮಶಾಸ್ತ್ರವನ್ನು ರದ್ದು ಮಾಡಿದನೇ?

ಮತ್ತಾಯ 5:17 ಅದನ್ನು ನೇರವಾಗಿ ನಿರಾಕರಿಸುತ್ತದೆ. ತೆಗೆದುಹಾಕಲು ಬರಲಿಲ್ಲ, ನೆರವೇರಿಸಲು ಬಂದೆನು ಎನ್ನುತ್ತಾನೆ ಆತನು. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತನೇ ಒಂದು ಪಾಲು ತೆಗೆದಿಡುವವರನ್ನು ಆತನು ಗದರಿದಾಗಲೂ (ಮತ್ತಾಯ 23:23) ಅದನ್ನು ಬಿಡಿ ಎನ್ನಲಿಲ್ಲ. ನ್ಯಾಯ, ಕರುಣೆ, ನಂಬಿಗಸ್ತಿಕೆಗಳನ್ನು ಮಾಡಬೇಕಿತ್ತು, ಅದನ್ನೂ ಬಿಡಬಾರದಿತ್ತು ಎಂದನು.

ಸುವಾರ್ತೆಗಳಲ್ಲೂ ಒಂದೇ ದನಿಯಿಲ್ಲ. ಬಾಯೊಳಗೆ ಹೋಗುವುದು ಮನುಷ್ಯನನ್ನು ಹೊಲೆ ಮಾಡದು ಎಂಬ ಬೋಧನೆಯ ನಡುವೆ ಮಾರ್ಕನು, ಹೀಗೆ ಎಲ್ಲ ಆಹಾರವೂ ಶುದ್ಧವೆಂದು ಸೂಚಿಸಿದನು ಎಂಬ ವಿವರಣೆ ಸೇರಿಸುತ್ತಾನೆ (7:19). ಅದೇ ಪ್ರಸಂಗವನ್ನು ಹೇಳುವ ಮತ್ತಾಯ 15ರಲ್ಲಿ ಆ ವಿವರಣೆ ಇಲ್ಲ. ಯೇಸು ಈ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರೆ ಅಂತಿಯೋಕ್ಯದಲ್ಲಿ ಜಗಳವೇ ಆಗುತ್ತಿರಲಿಲ್ಲ.

ಸಬ್ಬತ್ತಿನ ವಿಚಾರದಲ್ಲೂ ಆತನ ವಾದ ಯೆಹೂದ್ಯರ ಒಳಗಿನ ವಾದವೇ. ಹದಿನೆಂಟು ವರ್ಷ ನಡು ಬಗ್ಗಿದ್ದ ಹೆಂಗಸನ್ನು ಗುಣಪಡಿಸಿ, ಸಬ್ಬತ್ತಿನಲ್ಲಿ ಎತ್ತನ್ನು ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವುದಿಲ್ಲವೇ ಎಂದು ಕೇಳಿದನು (ಲೂಕ 13). ಕೊಟ್ಟಿಗೆ ನೋಡಿದವರಿಗೆ ಈ ವಾದಕ್ಕೆ ವ್ಯಾಖ್ಯಾನ ಬೇಕಿಲ್ಲ. ಜೀವ ಉಳಿಸಲು ಸಬ್ಬತ್ತನ್ನು ಮೀರಬಹುದು, ಮೀರಲೇಬೇಕು ಎಂಬುದು ರಬ್ಬಿಗಳ ಬೋಧನೆಯೂ ಹೌದು.

ಯೆಹೂದ್ಯರದು ನಿಯಮದ ಧರ್ಮ, ಕ್ರೈಸ್ತರದು ಕೃಪೆಯ ಧರ್ಮ. ಹೀಗೆ ಹೇಳಿದರೆ ತಪ್ಪೇ?

ತಪ್ಪು. ಅದು ಸಣ್ಣ ತಪ್ಪೂ ಅಲ್ಲ. ಪ್ರಸಂಗಗಳಲ್ಲಿ ಈ ಮಾತು ಕೇಳಿದಾಗಲೆಲ್ಲ ನನ್ನ ಮನಸ್ಸು ಮುದುಡುತ್ತದೆ. ಹತ್ತು ಆಜ್ಞೆಗಳು ಹೇಗೆ ಆರಂಭವಾಗುತ್ತವೆ ನೋಡಿ: ದಾಸತ್ವದಲ್ಲಿದ್ದ ನಿಮ್ಮನ್ನು ಐಗುಪ್ತದಿಂದ ಬಿಡಿಸಿದ ದೇವರು ನಾನೇ (ವಿಮೋಚನಕಾಂಡ 20:2). ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಆಜ್ಞೆ ಪಾಲಿಸಿ ಬಿಡುಗಡೆ ಸಂಪಾದಿಸಿದವರು ಅಲ್ಲಿ ಯಾರೂ ಇಲ್ಲ.

1977ರಲ್ಲಿ ಇ. ಪಿ. ಸ್ಯಾಂಡರ್ಸ್ ಎಂಬ ವಿದ್ವಾಂಸರು ಆ ಕಾಲದ ಯೆಹೂದ್ಯ ಬರಹಗಳನ್ನು ವಿಸ್ತಾರವಾಗಿ ಪರಿಶೀಲಿಸಿ ಇದನ್ನೇ ತೋರಿಸಿದರು: ಒಡಂಬಡಿಕೆಯೊಳಗೆ ಬರುವುದು ದೇವರ ಕೃಪೆಯಿಂದ, ಧರ್ಮಶಾಸ್ತ್ರ ಅದರೊಳಗೆ ಬಾಳುವ ರೀತಿ. ಅವರ ಎಲ್ಲ ತೀರ್ಮಾನಗಳನ್ನೂ ಎಲ್ಲರೂ ಒಪ್ಪಿಲ್ಲ, ಆದರೆ ಹಳೆಯ ವ್ಯಂಗ್ಯಚಿತ್ರಕ್ಕೆ ಹಿಂದಿರುಗಲು ಆಮೇಲೆ ಕಷ್ಟವಾಯಿತು. ಮೃತ ಸಮುದ್ರದ ದಡದ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ, 1994ರಲ್ಲಿ ಪೂರ್ತಿಯಾಗಿ ಪ್ರಕಟವಾದ ಒಂದು ಬರಹದಲ್ಲಿ ‘ಧರ್ಮಶಾಸ್ತ್ರದ ಕ್ರಿಯೆಗಳು’ ಎಂಬ ಮಾತೇ ಹೀಬ್ರೂವಿನಲ್ಲಿದೆ. ಶುದ್ಧ ಪಾತ್ರೆಯಿಂದ ಅಶುದ್ಧ ಪಾತ್ರೆಗೆ ಸುರಿಯುವಾಗ ನೀರಿನ ಧಾರೆಯ ಮೂಲಕ ಮೈಲಿಗೆ ಮೇಲಕ್ಕೆ ಹತ್ತುತ್ತದೆಯೇ ಎಂಬಂಥ ಚರ್ಚೆ ಅಲ್ಲಿದೆ. ಕೊನೆಯಲ್ಲಿ, ಇದನ್ನು ಪಾಲಿಸಿದರೆ ನಿಮಗೆ ನೀತಿಯೆಂದು ಎಣಿಸಲ್ಪಡುವುದು ಎಂದಿದೆ, ಆದಿಕಾಂಡ 15:6ರ ಅದೇ ನುಡಿಗಟ್ಟಿನಲ್ಲಿ. ಪೌಲನು ಯಾವ ಚರ್ಚೆಯ ನಡುವೆ ನಿಂತು ಮಾತಾಡುತ್ತಿದ್ದನು ಎಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಅವನೂ ಯೆಹೂದ್ಯನೇ, ಯಾಕೋಬನೂ ಯೆಹೂದ್ಯನೇ. ಮನೆಯೊಳಗಿನ ಈ ಜಗಳವನ್ನು ನೆರೆಮನೆಯವರು ಎತ್ತಿಕೊಂಡು ಆ ಮನೆಯವರನ್ನೇ ಹೊಡೆಯಲು ಬಳಸಿದ್ದು ಮುಂದಿನ ಶತಮಾನಗಳ ದುರಂತ.

ತೀತನಿಗೆ ಸುನ್ನತಿ ಬೇಡ, ತಿಮೊಥೆಯನಿಗೆ ಬೇಕು. ಪೌಲನದು ಇಬ್ಬಗೆಯ ನೀತಿಯೇ?

ಇಬ್ಬರೂ ಪೌಲನ ಜೊತೆಗಾರರು. ತೀತನು ಗ್ರೀಕನು. ಅವನನ್ನು ಬಲವಂತ ಮಾಡಲು ಪೌಲನು ಬಿಡಲಿಲ್ಲ (ಗಲಾತ್ಯ 2:3). ತಿಮೊಥೆಯನ ತಾಯಿ ಯೆಹೂದ್ಯಳು, ಆದ್ದರಿಂದ ಆ ಊರಿನ ಯೆಹೂದ್ಯರನ್ನು ಗಮನದಲ್ಲಿಟ್ಟು ಸುನ್ನತಿ ಮಾಡಿಸಿದನು (ಕೃತ್ಯಗಳು 16:3). ರಕ್ಷಣೆಗೆ ಷರತ್ತಾಗಿ ಕೇಳಿದಾಗ ಒಪ್ಪಲಿಲ್ಲ, ಷರತ್ತಿಲ್ಲದ ಕಡೆ ಬಗ್ಗಿದನು. ಯೆರೂಸಲೇಮಿನ ದೇವಾಲಯದಲ್ಲಿ ಹರಕೆ ಹೊತ್ತಿದ್ದ ನಾಲ್ವರ ಖರ್ಚನ್ನೂ ಅವನು ವಹಿಸಿಕೊಂಡದ್ದುಂಟು (ಕೃತ್ಯಗಳು 21).

‘ಕ್ರಿಸ್ತನ ನಂಬಿಕೆ’ ಎಂದರೆ ಕ್ರಿಸ್ತನ ಮೇಲೆ ನಾವಿಡುವ ನಂಬಿಕೆಯೋ, ಕ್ರಿಸ್ತನಲ್ಲಿದ್ದ ನಂಬಿಕೆಯೋ?

ಒಳ್ಳೆಯ ಪ್ರಶ್ನೆ. ಗಲಾತ್ಯ 2:16ರ ಗ್ರೀಕ್ ಎರಡನ್ನೂ ಹೇಳಬಲ್ಲದು, ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಕನ್ನಡದ ಷಷ್ಠಿ ವಿಭಕ್ತಿಯಲ್ಲೂ ಅದೇ ತೊಡಕಿದೆ: ‘ಮಗನ ನೆನಪು’ ಎಂದರೆ ತಾಯಿ ಮಗನನ್ನು ನೆನೆಯುವುದೋ, ಮಗನ ಮನಸ್ಸಿನಲ್ಲಿರುವ ನೆನಪೋ? ‘ಪಿಸ್ತಿಸ್’ ಎಂಬ ಗ್ರೀಕ್ ಪದದೊಳಗೆ ನಮ್ಮ ನಂಬಿಕೆಯೂ ಇದೆ, ನಂಬಿಗಸ್ತಿಕೆಯೂ ಇದೆ. ನಾವು ನಂಬುವುದಕ್ಕೆ ಮೊದಲೇ ಕ್ರಿಸ್ತನು ನಂಬಿಗಸ್ತನಾಗಿದ್ದನು ಎಂಬ ಓದು ನನಗೆ ಹೆಚ್ಚು ಹಿಡಿಸುತ್ತದೆ. ಹೀಗೆ ಓದಿದರೆ ನಂಬಿಕೆಯೇ ಇನ್ನೊಂದು ಸಾಧನೆಯಾಗಿಬಿಡುವ ಅಪಾಯ ತಪ್ಪುತ್ತದೆ.

ಲೂಥರ್ ಯಾಕೋಬನ ಪತ್ರಿಕೆಯನ್ನು ಕಿತ್ತೆಸೆದನಂತೆ, ನಿಜವೇ?

ಕಿತ್ತೆಸೆಯಲಿಲ್ಲ. ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರ್ ತನ್ನ 1522ರ ಜರ್ಮನ್ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಅದನ್ನು ಹುಲ್ಲಿನ ಪತ್ರಿಕೆ ಎಂದು ಕರೆದನು, ಇಬ್ರಿಯ, ಯೂದ, ಪ್ರಕಟನೆಗಳೊಂದಿಗೆ ಕೊನೆಗೆ ತಳ್ಳಿದನು. ನಂತರದ ಆವೃತ್ತಿಗಳಲ್ಲಿ ಆ ಕಟುಮಾತು ಇಲ್ಲ. ರೋಮಾಪುರ 3:28ರಲ್ಲಿ ಗ್ರೀಕಿನಲ್ಲಿಲ್ಲದ ‘ಮಾತ್ರ’ ಎಂಬ ಪದ ಸೇರಿಸಿದ್ದಕ್ಕೆ ಟೀಕೆ ಬಂದಾಗ, ಜರ್ಮನ್ ಜಾಯಮಾನ ಅದನ್ನು ಕೇಳುತ್ತದೆ ಎಂದು 1530ರಲ್ಲಿ ಸಮರ್ಥಿಸಿಕೊಂಡನು. 1547ರಲ್ಲಿ ತ್ರೆಂತ್ ಪರಿಷತ್ತು ಕಥೋಲಿಕರ ಉತ್ತರ ಕೊಟ್ಟಿತು. ಈ ವಿಷಯದಲ್ಲಿ ಎರಡೂ ಕಡೆಯವರು ಒಪ್ಪಿದ ಜಂಟಿ ಹೇಳಿಕೆಯೊಂದಕ್ಕೆ ಲೂಥರನ್ನರೂ ಕಥೋಲಿಕರೂ ಸಹಿ ಹಾಕಿದ್ದು 1999ರ ಅಕ್ಟೋಬರ್ 31ರಂದು, ಆಗ್ಸ್‌ಬರ್ಗ್‌ನಲ್ಲಿ. ನಾಲ್ಕೂವರೆ ಶತಮಾನ ಹಿಡಿಯಿತು.

ಯಾವುದಾದರೂ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡಬಹುದಿತ್ತಲ್ಲ?

ಪ್ರಯತ್ನಿಸಿದವರಿದ್ದಾರೆ. ಎರಡನೆಯ ಶತಮಾನದಲ್ಲಿ ಮಾರ್ಸಿಯೋನ್ ಎಂಬವನು ಹಳೆಯ ಒಡಂಬಡಿಕೆಯನ್ನೇ ಬಿಟ್ಟು, ಕತ್ತರಿಸಿದ ಲೂಕ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಇಟ್ಟುಕೊಂಡನು. ಎಬಿಯೋನರು ಎಂಬವರು ಮತ್ತಾಯನನ್ನು ಇಟ್ಟುಕೊಂಡು ಪೌಲನನ್ನು ಧರ್ಮಶಾಸ್ತ್ರ ತೊರೆದ ದ್ರೋಹಿ ಎಂದರು ಎಂದು ಅದೇ ಶತಮಾನದ ಬಿಷಪ್ ಐರೇನಿಯಸ್ ಬರೆಯುತ್ತಾನೆ. ಕ್ರೈಸ್ತ ಸಭೆ ಎರಡೂ ದಾರಿಗಳನ್ನು ಹಿಡಿಯಲಿಲ್ಲ. ಜಗಳವನ್ನು ಜಗಳವಾಗಿಯೇ, ಒಂದೇ ರಟ್ಟಿನೊಳಗೆ ಹೊಲಿದಿಟ್ಟಿತು. ಅದಕ್ಕೆ ನಾನು ಋಣಿ.

ನಂಬಿಕೆ ಇದ್ದರೆ ಹೇಗೆ ಬೇಕಾದರೂ ಬದುಕಬಹುದೇ?

ಈ ಪ್ರಶ್ನೆಯನ್ನು ಪೌಲನಿಗೇ ಕೇಳಿದ್ದರು. ಎಂದಿಗೂ ಇಲ್ಲ ಎಂದನು (ರೋಮಾಪುರ 6). ಪ್ರೀತಿಯಿಂದ ಕೆಲಸ ಮಾಡುವ ನಂಬಿಕೆಯೇ ಮುಖ್ಯ ಎಂದು ಗಲಾತ್ಯ 5:6ರಲ್ಲಿ ಬರೆದಿದ್ದಾನೆ. ಯಾಕೋಬನು ಅದನ್ನು ಓದಿದ್ದರೆ ತಲೆದೂಗುತ್ತಿದ್ದನು.

ಎಲ್ಲಿಂದ ಓದಲು ಆರಂಭಿಸಲಿ?

ಗಲಾತ್ಯವನ್ನು ಒಂದೇ ಸಲಕ್ಕೆ, ಗಟ್ಟಿಯಾಗಿ ಓದಿ; ಅರ್ಧ ಗಂಟೆ ಸಾಕು. ಮರುದಿನ ಯಾಕೋಬ. ಆಮೇಲೆ ರೋಮಾಪುರ 14. ಅಲ್ಲಿ ಪೌಲನ ಸಿಟ್ಟು ತಣಿದಿದೆ, ಬರೀ ಸೊಪ್ಪುಸದೆ ತಿನ್ನುವವರ ಮನಸ್ಸನ್ನು ನಿಮ್ಮ ಊಟದಿಂದ ನೋಯಿಸಬೇಡಿ ಎನ್ನುತ್ತಾನೆ. ಗಲಾತ್ಯ 2:14ಕ್ಕೆ ಬಂದಾಗ ಇನ್ನೊಂದನ್ನು ಗಮನಿಸಿ. ಪೌಲನು ಪೇತ್ರನಿಗೆ ಹೇಳಿದ ಮಾತು ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಮೂಲದಲ್ಲಿ ಗುರುತಿಲ್ಲ. ಕೆಲವು ಅನುವಾದಗಳು ಅಲ್ಲೇ ಉದ್ಧರಣ ಚಿಹ್ನೆ ಮುಚ್ಚುತ್ತವೆ, ಕೆಲವು 21ನೇ ವಚನದವರೆಗೆ ಎಳೆಯುತ್ತವೆ. ಪೇತ್ರನು ಏನು ಉತ್ತರ ಕೊಟ್ಟನು, ಮತ್ತೆ ಅದೇ ಪಂಕ್ತಿಗೆ ಬಂದು ಕೂತನೇ ಎಂಬುದನ್ನು ಪೌಲನು ಬರೆದಿಲ್ಲ.